ಅಮಾಲ್ಫಿ ಕರಾವಳಿ: ಮಂಡಿ ನೋವಿನ ಅಮ್ಮ, 10 ವರ್ಷದ ಮಗ, ಶುದ್ಧ ಸಸ್ಯಾಹಾರ. ಪ್ಲಾನ್ ಹೇಗೆ ಮಾಡೋದು?

ಜೀನ್ಸ್_ಬಳ್ಳಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ, ಮೇ ಎರಡನೇ ವಾರದ ಹೊತ್ತಿಗೆ, ಇಟಲಿಯ ಅಮಾಲ್ಫಿ ಕರಾವಳಿಗೆ ಹೋಗುವ ಯೋಚನೆ ಇದೆ. ನಾನು, ಹೆಂಡತಿ, ಮಗ, 68 ವರ್ಷದ ಅಮ್ಮ. ಅಮ್ಮ ಸಮತಟ್ಟು ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಆರಾಮಾಗಿ ನಡೀತಾರೆ, ಮೆಟ್ಟಿಲು ಮಾತ್ರ ಆಗಲ್ಲ. ಮೊಟ್ಟೆಯನ್ನೂ ಮುಟ್ಟಲ್ಲ.

ಫೋಟೋದಲ್ಲಿ ನೋಡಿ ಎಲ್ಲರಿಗೂ ಪೊಸಿಟಾನೊ ಮೇಲೆ ಮನಸ್ಸಾಗಿದೆ. ಅಲ್ಲೇ ರೂಮ್ ಮಾಡಿ, ಕಾರು ಬಾಡಿಗೆಗೆ ತಗೊಂಡು ಸುತ್ತೋಣ ಅಂತ ಲೆಕ್ಕ. ಇದು ಸರೀನಾ? ನನ್ನದು ಸಣ್ಣ ಜೀನ್ಸ್ ಹೊಲಿಗೆ ಘಟಕ, ಸಂಬಳದ ಸ್ಲಿಪ್ ಇಲ್ಲ. ವೀಸಾಗೆ ಏನೇನು ಕಾಗದ ಬೇಕಾಗುತ್ತೆ ಅನ್ನೋದನ್ನೂ ತಿಳಿದವರು ಹೇಳಿ.

ರಾಯಚೂರು_ಜಂಕ್ಷನ್

ಸರ್, ಎರಡನ್ನೂ ಬದಲಿಸಿ. ಪೊಸಿಟಾನೊದಲ್ಲಿ ರೂಮ್ ಬೇಡ, ಕಾರಂತೂ ಬೇಡವೇ ಬೇಡ.

ಪೊಸಿಟಾನೊ ಅಂದರೆ ಬೆಟ್ಟದ ಗೋಡೆಗೆ ಅಂಟಿಕೊಂಡ ಊರು. ಹೋಟೆಲ್‌ಗಳ ಜಾಹೀರಾತಿನಲ್ಲಿ ‘ಬೀಚ್‌ನಿಂದ 300 ಮೀಟರ್’ ಅಂತ ಇರುತ್ತದೆ, ಆ 300 ಮೀಟರ್ ನೆಟ್ಟಗೆ ಮೇಲಕ್ಕೆ ಅನ್ನೋದನ್ನು ಬರೆದಿರಲ್ಲ. ಕರಾವಳಿಯ ಊರುಗಳ ನಡುವೆ ಓಡುವ ಸಿಟಾ ಕಂಪನಿಯ ಬಸ್ಸು ಊರೊಳಗೆ ಇಳಿಯಲ್ಲ, ಮೇಲಿನ ಹೆದ್ದಾರಿಯಲ್ಲಿ ಕಿಯೇಸಾ ನುವೋವಾ, ಸ್ಪೋಂಡಾ ಅನ್ನೋ ಎರಡು ಸ್ಟಾಪ್‌ನಲ್ಲೇ ಬಿಡುತ್ತದೆ. ಅಲ್ಲಿಂದ ಸೂಟ್‌ಕೇಸ್ ಸಮೇತ ಇಳಿಯಬೇಕು. ಹೋಟೆಲ್ ದರವೂ ಇಡೀ ಕರಾವಳಿಯಲ್ಲಿ ಅಲ್ಲೇ ಜಾಸ್ತಿ.

ನಿಮಗೆ ಸರಿಹೊಂದುವ ಠಿಕಾಣಿ ಸಲೆರ್ನೊ. ಕರಾವಳಿಯ ಪೂರ್ವದ ತುದಿಯ ಸಮತಟ್ಟಾದ ಪಟ್ಟಣ, ಸಮುದ್ರದುದ್ದಕ್ಕೂ ನಡೆಯಲು ಅಗಲವಾದ ದಾರಿ. ರೋಮ್‌ನಿಂದ ಹೈಸ್ಪೀಡ್ ರೈಲು ನೇರವಾಗಿ ಸಲೆರ್ನೊಗೇ ಬರುತ್ತದೆ, ಸುಮಾರು ಎರಡು ಗಂಟೆ. ಸ್ಟೇಷನ್‌ನಿಂದ ಪಿಯಾಜ್ಜಾ ದೆಲ್ಲಾ ಕೊಂಕೊರ್ದಿಯಾ ಬೋಟ್ ಕಟ್ಟೆಗೆ ಹತ್ತು ನಿಮಿಷದೊಳಗಿನ ನಡಿಗೆ, ಒಂದು ಏರೂ ಇಲ್ಲ. ಅಲ್ಲಿಂದ ಟ್ರಾವೆಲ್‌ಮಾರ್ ಫೆರಿ ಹತ್ತಿದರೆ ಅಮಾಲ್ಫಿ ಸುಮಾರು 35 ನಿಮಿಷ, ಪೊಸಿಟಾನೊ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಫೆರಿ ಪೊಸಿಟಾನೊದ ಬೀಚ್‌ಗೇ ತಂದು ಇಳಿಸುತ್ತದೆ. ಅಮ್ಮ ಅಲ್ಲೇ ಕೂತು ಊರನ್ನೆಲ್ಲ ಕೆಳಗಿನಿಂದ ನೋಡಬಹುದು. ಫೋಟೋದಲ್ಲಿ ಕಾಣೋದೂ ಆ ನೋಟವೇ, ಊರೊಳಗೆ ರೂಮ್ ಮಾಡಿದವರಿಗೆ ಅದು ಕಾಣಲ್ಲ!

ಫೆರಿ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆವರೆಗೆ ಮಾತ್ರ. ಅಲೆ ಜೋರಾದರೆ ಮೇ ತಿಂಗಳಲ್ಲೂ ನಿಲ್ಲಿಸುತ್ತಾರೆ. ಹಾಗಾಗಿ ಪೊಸಿಟಾನೊವನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಹೋಗಿ ಎರಡನೇ ದಿನ ಸಮುದ್ರ ಶಾಂತ ಇದ್ದರೆ ಅವತ್ತೇ ಮುಗಿಸಿಬಿಡಿ. ಮರಳುವ ಕೊನೇ ಫೆರಿಯ ಹೊತ್ತನ್ನು ಬೆಳಿಗ್ಗೆ ಟಿಕೆಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ, ಅದು ತಪ್ಪಿದರೆ ಉಳಿಯೋದು ನಿಂತುಕೊಂಡು ಹೋಗುವ ಬಸ್ಸು ಅಥವಾ ದುಬಾರಿ ಟ್ಯಾಕ್ಸಿ.

ಅಮಾಲ್ಫಿಯಲ್ಲಿ ಬೋಟ್ ಕಟ್ಟೆ, ಬಸ್ ಸ್ಟ್ಯಾಂಡ್ ಅಕ್ಕಪಕ್ಕ, ಮುಖ್ಯ ಬೀದಿ ಸಣ್ಣ ಏರು ಅಷ್ಟೆ. ಕೆಥೆಡ್ರಲ್ ಬಾಗಿಲಿಗೆ 62 ಮೆಟ್ಟಿಲು. ಅಮ್ಮ ಕೆಳಗಿನ ಚೌಕದಲ್ಲಿ ಕೂರಲಿ. ಅಲ್ಲಿಂದ ರವೆಲ್ಲೊಗೆ ಬಸ್ಸು, ಅರ್ಧ ಗಂಟೆ. ಸಮುದ್ರಮಟ್ಟದಿಂದ 350 ಮೀಟರ್ ಎತ್ತರದ ಊರು. ಬಸ್ಸಿಳಿದು ಸಣ್ಣ ಸುರಂಗ ದಾಟಿದರೆ ಚೌಕ, ಚೌಕದಲ್ಲೇ ವಿಲ್ಲಾ ರುಫೊಲೊ ತೋಟ. ನನ್ನ ಲೆಕ್ಕದಲ್ಲಿ ಕರಾವಳಿಯ ಅತ್ಯುತ್ತಮ ನೋಟ ಇದೇ, ಮಂಡಿಗೂ ಹಗುರ. ವಿಲ್ಲಾ ಚಿಂಬ್ರೋನೆ ಇನ್ನೂ ಚಂದ, ಆದರೆ ದಾರಿಯಲ್ಲಿ ಏರು, ಮೆಟ್ಟಿಲು ಎರಡೂ ಇವೆ. ನೀವು ಮತ್ತು ಮಗ ಹೋಗಿ ಬನ್ನಿ.

ಸಿಟಾ ಬಸ್ಸಿನ ಟಿಕೆಟ್ಟನ್ನು ಮೊದಲೇ ತಂಬಾಕಿನ ಅಂಗಡಿಯಲ್ಲಿ (ಬೋರ್ಡಿನಲ್ಲಿ ದೊಡ್ಡ ‘ಟಿ’ ಅಕ್ಷರ ಇರುತ್ತದೆ) ಕೊಳ್ಳಬೇಕು, ಹತ್ತಿದ ಕೂಡಲೇ ಮಷೀನಿನಲ್ಲಿ ಮುದ್ರೆ ಒತ್ತಬೇಕು. ಮುದ್ರೆ ಇಲ್ಲದ ಟಿಕೆಟ್ಟು ಇದ್ದೂ ಇಲ್ಲದ ಹಾಗೆ, ದಂಡ ಬೀಳುತ್ತದೆ. ಲೋಕಲ್ ರೈಲಿನ ಕಾಗದದ ಟಿಕೆಟ್ಟಿಗೂ ಇದೇ ನಿಯಮ, ಪ್ಲಾಟ್‌ಫಾರಂನಲ್ಲೇ ಒತ್ತಿ ಹತ್ತಬೇಕು. ಮೊಬೈಲಿನಲ್ಲಿ ಕೊಂಡಿದ್ದರೆ ರೈಲು ಹತ್ತುವ ಮೊದಲು ‘ಚೆಕ್ ಇನ್’ ಒತ್ತಿ.

ಪೊಂಪೇಯಿಗೆ ಸಲೆರ್ನೊದಿಂದ ಲೋಕಲ್ ರೈಲು ಇದೆ. ‘ಪೊಂಪೇಯಿ’ ಸ್ಟೇಷನ್‌ನಲ್ಲಿ ಇಳಿದು ಆಂಫಿಥಿಯೇಟರ್ ಕಡೆಯ ಬಾಗಿಲಿನಿಂದ ಒಳಗೆ ಹೋಗಿ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು, ದಾರಿಗೆಲ್ಲ ಉಬ್ಬುತಗ್ಗಿನ ಬಂಡೆ ಹಾಸು. ಗಾಲಿಕುರ್ಚಿಯವರಿಗೆಂದು ಸಮ ಮಾಡಿದ 3 ಕಿ.ಮೀ.ಗೂ ಹೆಚ್ಚಿನ ಹಾದಿ ಇದೇ ಬಾಗಿಲಿನಿಂದ ಶುರು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಹೆಸರು ಇರುತ್ತದೆ. ಮನೆಯಿಂದಲೇ ಬುಕ್ ಮಾಡಿ, ಪಾಸ್‌ಪೋರ್ಟ್ ಜೊತೆಗಿರಲಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಅಂದೇ ಹೋಗಬೇಡಿ, ಜಾತ್ರೆ.

ಇನ್ನೊಂದು, ಯಾರೂ ಹೇಳದ ಜಾಗ ಪೆಸ್ಟಂ. ಸಲೆರ್ನೊದಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಸ್ಟೇಷನ್‌ನಿಂದ ಸಮತಟ್ಟು ದಾರಿ ಸುಮಾರು ಒಂದು ಕಿಲೋಮೀಟರ್. ಕ್ರಿ.ಪೂ. 6 ಮತ್ತು 5ನೇ ಶತಮಾನದ ಮೂರು ಗ್ರೀಕ್ ದೇವಾಲಯಗಳು ಬಯಲಲ್ಲಿ ಹಾಗೇ ನಿಂತಿವೆ. ಹಂಪಿ ಪಕ್ಕದಲ್ಲಿ ಬೆಳೆದವರ ಕಣ್ಣಿಗೆ ಪೊಂಪೇಯಿಗಿಂತ ಇದೇ ಹಿಡಿಸೀತು. ಎಲ್ಲ ರೈಲೂ ಅಲ್ಲಿ ನಿಲ್ಲಲ್ಲ, ವಾಪಸ್ ರೈಲಿನ ಹೊತ್ತು ನೋಡಿಯೇ ಹೊರಡಿ.

ಕಿನ್ನಾಳ_ಗೊಂಬಿ (ಕೊಪ್ಪಳ)

ರಾಯಚೂರಿನ ಅಣ್ಣಾರ ಮಾತು ಖರೆ, ಆದ್ರ ನೇಪಲ್ಸ್ ಕಡೀ ಸೊರೆಂಟೊ ಊರನ್ನ ಪೂರ್ತಿ ಬಿಟ್ಟಬಿಟ್ರಿ. ಕಾಪ್ರಿ ದ್ವೀಪ ನೋಡೂದಿದ್ರ ಸೊರೆಂಟೊನ ಛಲೋ, ಬೋಟಿಗೆ ಅರ್ಧ ತಾಸೂ ಇಲ್ಲ. ಪೊಂಪೇಯಿಗೂ ಅಷ್ಟ, ಸರ್ಕುಂವೆಸುವಿಯಾನಾ ರೈಲಿನ್ಯಾಗ ಅರ್ಧ ತಾಸು. ಊರು ಬಂಡೆ ಮ್ಯಾಲ ಐತಿ ಖರೆ, ಆದ್ರ ಮ್ಯಾಲ ಎಲ್ಲಾ ಸಪಾಟು. ಬಂದರಿಗೆ ಇಳಿಯಾಕ ಊರ ತೋಟದ ಹಂತೇಲಿ ಲಿಫ್ಟ್ ಐತಿ.

ಕಾಪ್ರಿಯೊಳಗ ಬಂದರಿನಿಂದ ಮ್ಯಾಲಿನ ಊರಿಗೆ ಹಗ್ಗದ ರೈಲು (ಫ್ಯುನಿಕ್ಯುಲರ್) ಐತಿ, ಅಮ್ಮಾರಿಗೆ ತ್ರಾಸಿಲ್ಲ. ಬ್ಲೂ ಗ್ರೊಟ್ಟೊ (ಸಮುದ್ರದ ನೀಲಿ ಗವಿ) ಮಾತ್ರ ಬ್ಯಾಡ್ರಿ. ಅಲ್ಲಿ ನಡು ನೀರಾಗ ಸಣ್ಣ ದೋಣಿಗೆ ದಾಟಿ, ಗವಿ ಬಾಯಾಗ ಹೋಗುಮುಂದ ಅಂಗಾತ ಮಲಗಬೇಕು. ಮಂಡಿ ನೋವಿದ್ದಾರಿಗೆ ಅದು ಆಗೂ ಮಾತಲ್ಲ. ಸ್ವಲ್ಪ ಅಲಿ ಎದ್ರ ಗವಿನ ಬಂದ್ ಮಾಡ್ತಾರ.

ಸೊರೆಂಟೊದಿಂದ ಪೊಸಿಟಾನೊ ಕಡೆ ಬಸ್ಸಿಗೆ ಹೋದ್ರ ಬಲಗಡೆ ಕುಂದರ್ರಿ, ಸಮುದ್ರ ಆ ಕಡೀಗೆ. ತಿರುವು ಭಾಳ, ಹುಡುಗಗ ವಾಂತಿ ಆಗೂ ರೂಢಿ ಇದ್ರ ಡಾಕ್ಟರ್ ಕಡೆ ಗುಳಿಗಿ ಕೇಳಿ ಇಟ್ಕೊರ್ರಿ.

ಕಾರಿನ ಮಾತು. ನಮ್ಮ ಲೈಸೆನ್ಸ್ ಜೊತಿ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಆರ್‌ಟಿಒದಾಗ ಫಾರಂ 4ಎ, 1,000 ರೂಪಾಯಿ, ಒಂದು ವರ್ಷ ಚಾಲ್ತಿ. ಅದು ದೊಡ್ಡ ಕೆಲಸ ಅಲ್ಲ. ತ್ರಾಸು ಇರೂದು ರಸ್ತೆದಾಗ. ಎಸ್‌ಎಸ್ 163 (ಕರಾವಳಿಯ ಹೆದ್ದಾರಿ) ಎಷ್ಟು ಸಣ್ಣದು ಅಂದ್ರ ಎರಡು ಬಸ್ಸು ಎದುರಾದ್ರ ಒಂದು ಹಿಂದ ಸರಿಯಬೇಕು, ಅದರ ಹಿಂದಿನ ಕಾರು ಎಲ್ಲಾ ಹಿಂದ ಸರಿಯಬೇಕು. ಗದ್ದಲದ ದಿನ ಮುಂಜಾನೆ 10ರಿಂದ ಸಂಜಿ 6ರ ತನಕ ಬೆಸ-ಸಮ ನಂಬರ್ ನಿಯಮ ಬ್ಯಾರೆ. ಊರ ಒಳಗ ‘ಝಡ್‌ಟಿಎಲ್’ ಬೋರ್ಡ್ (ಹೊರಗಿನ ಗಾಡಿಗೆ ನಿರ್ಬಂಧ ಇರೂ ಪ್ರದೇಶ) ದಾಟಿದ್ರ ಕ್ಯಾಮೆರಾ ಫೋಟೊ ಹೊಡೀತೈತಿ. ಬಾಡಿಗಿ ಕಂಪನಿಯವರು ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟದ್ದಕ್ಕ ಒಂದು ಚಾರ್ಜ್ ಹಿಡೀತಾರ, ದಂಡದ ಕಾಗದ ಎಷ್ಟೋ ತಿಂಗಳ ಮ್ಯಾಲ ಬಳ್ಳಾರಿ ಮನಿಗೆ ಬರ್ತೈತಿ.

ರಾಯಚೂರು_ಜಂಕ್ಷನ್

ಕಾಪ್ರಿ ಬೇಕೇ ಬೇಕು ಅಂದರೆ ಸೊರೆಂಟೊ, ಒಪ್ಪಿದೆ. ಆದರೆ ನೇಪಲ್ಸ್‌ನಿಂದ ಸೊರೆಂಟೊಗೆ ಸರ್ಕುಂವೆಸುವಿಯಾನಾದಲ್ಲಿ ಒಂದು ಗಂಟೆ ಹತ್ತು ನಿಮಿಷ, ಸಾಮಾನು ಇಡಲು ಜಾಗ ಇಲ್ಲ, ಜೇಬುಗಳ್ಳರ ಕಾಟ. ಆ ದಾರಿಗೆ ಹೋಗುವವರು ನೇಪಲ್ಸ್ ವಿಮಾನ ನಿಲ್ದಾಣದಿಂದಲೇ ನೇರ ಬಸ್ಸು ಹಿಡಿಯೋದು ವಾಸಿ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದಲ್ಲಿ ನನ್ನ ಮತ ಸಲೆರ್ನೊಗೇ.

ಕೋಟೆ_ಕೆಳಗೆ (ಬಳ್ಳಾರಿ)

ವೀಸಾ ವಿಷಯ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನದವರೆಗೂ ಹೋಗುತ್ತದೆ. ಏಪ್ರಿಲ್-ಮೇಗೆ ಹೋಗುವವರ ನೂಕುನುಗ್ಗಲು ಜಾಸ್ತಿ, ನೀವು ಫೆಬ್ರವರಿಯಲ್ಲೇ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರವಾದ ವಿಎಫ್‌ಎಸ್ ಸ್ಲಾಟ್ ಹಿಡಿಯಿರಿ. 12 ವರ್ಷಕ್ಕಿಂತ ಚಿಕ್ಕವರಿಗೆ ಬೆರಳಚ್ಚು ಇಲ್ಲ, ಆದರೂ ಮಗ ಜೊತೆಗೆ ಬರಬೇಕೇ ಅಂತ ಸ್ಲಾಟ್ ಹಿಡಿಯುವಾಗಲೇ ಕೇಳಿಕೊಳ್ಳಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿ, ಹನ್ನೊಂದರ ನಂತರದ ಸ್ಲಾಟ್ ಮುಗಿಸಿ, ಅದೇ ರಾತ್ರಿ ವಾಪಸ್ ಹೊರಡಬಹುದು.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದವರಿಗೆ 45. ವಿಎಫ್‌ಎಸ್‌ನವರ ಚಾರ್ಜ್ ಬೇರೆ. ತಿರಸ್ಕಾರವಾದರೆ ಹಣ ಬರಲ್ಲ. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಶೆಂಗೆನ್ (ಇಟಲಿ ಸೇರಿ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ಬಿಟ್ಟು ಹೊರಡುವ ದಿನದಿಂದ ಇನ್ನೂ 3 ತಿಂಗಳ ಅವಧಿ, ಎರಡು ಖಾಲಿ ಪುಟ ಇರಬೇಕು. ವಿಮೆ ಕನಿಷ್ಠ 30,000 ಯೂರೋದ್ದು. ಅಮ್ಮನ ಬಿಪಿ, ಶುಗರ್, ಮಂಡಿ ಎಲ್ಲವನ್ನೂ ವಿಮೆ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಬಂದಾಗ ಅದನ್ನೇ ನೆಪ ಮಾಡುತ್ತಾರೆ.

ಸಂಬಳದ ಸ್ಲಿಪ್ ಬದಲಿಗೆ ಜಿಎಸ್‌ಟಿ ನೋಂದಣಿ, ಉದ್ಯಮ ಸರ್ಟಿಫಿಕೇಟ್, ಐಟಿ ರಿಟರ್ನ್, ಅಂಗಡಿಯ ಕರೆಂಟ್ ಖಾತೆ ಮತ್ತು ನಿಮ್ಮ ಸೇವಿಂಗ್ಸ್ ಖಾತೆ ಎರಡರ ಸ್ಟೇಟ್‌ಮೆಂಟ್, ಬ್ಯಾಂಕಿನ ಮುದ್ರೆ ಸಮೇತ. ಹೊಲ ಇದ್ದರೆ ಪಹಣಿಯ ಇಂಗ್ಲಿಷ್ ಅನುವಾದ ಸೇರಿಸಿ, ಊರಿಗೆ ಮರಳುವ ಕಾರಣ ಗಟ್ಟಿಯಾಗುತ್ತದೆ. ನಮ್ಮ ಕಡೆ ಮಾಡುವ ದೊಡ್ಡ ತಪ್ಪು: ಅರ್ಜಿಗೆ ಹತ್ತು ದಿನ ಇರುವಾಗ ಯಾರಿಂದಲೋ ಐದು ಲಕ್ಷ ತಂದು ಖಾತೆಗೆ ಹಾಕೋದು. ಬಾಕಿ ಎಷ್ಟಿದೆ ಅನ್ನುವುದಕ್ಕಿಂತ ತಿಂಗಳು ತಿಂಗಳು ಹಣ ಹೇಗೆ ಓಡಾಡಿದೆ ಅನ್ನೋದನ್ನೇ ನೋಡುತ್ತಾರೆ. ಅಮ್ಮನ ಖರ್ಚು ನಿಮ್ಮದೇ ಅಂತ ಪತ್ರ, ನೀವು ಅವರ ಮಗ ಅನ್ನುವ ದಾಖಲೆ ಬೇಕು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಟಿಕೆಟ್ ಬುಕ್ ಮಾಡುವ ಮುಂಚೆ ಏರ್‌ಲೈನ್‌ಗೆ ಫೋನ್ ಮಾಡಿ ಹೆಸರು ಹೇಗೆ ಬರೆಯಬೇಕು ಕೇಳಿ. ಒಬ್ಬೊಬ್ಬರದು ಒಂದೊಂದು ಪದ್ಧತಿ.

ರೋಮ್‌ನಲ್ಲಿ ಇಳಿದ ಮೇಲೆ ಈಗ ಬೆರಳಚ್ಚು, ಮುಖದ ಫೋಟೋ ತಗೊಳ್ಳುವ ಹೊಸ ಗಡಿ ವ್ಯವಸ್ಥೆ ಇದೆ, 2025ರ ಅಕ್ಟೋಬರ್‌ನಿಂದ ಶುರುವಾದದ್ದು. ಸಾಲು ಉದ್ದ ಆಗಬಹುದು. ಅವತ್ತಿನ ಹೈಸ್ಪೀಡ್ ರೈಲಿಗೆ ತೀರಾ ಅಗ್ಗದ ಟಿಕೆಟ್ ಬೇಡ, ಆ ರೈಲು ತಪ್ಪಿದರೆ ದುಡ್ಡು ಹೋಯಿತು. ‘ಬೇಸ್’ ದರದ ಟಿಕೆಟ್ ತಗೊಂಡರೆ ಬದಲಿಸಬಹುದು.

ಜೀನ್ಸ್_ಬಳ್ಳಾರಿ

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಕಾರು ಕೈಬಿಟ್ಟೆ, ಸಲೆರ್ನೊದಲ್ಲಿ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ನೋಡ್ತೀನಿ. ಊಟದ್ದು ಮಾತ್ರ ಉಳೀತು. ರೊಟ್ಟಿ, ತುಪ್ಪ, ಪೇಡ ಎಲ್ಲ ಕಟ್ಟಿಕೊಂಡು ಹೋಗಬಹುದಾ?

ಸಿಂಧನೂರು_ಅಕ್ಕ

ತಮ್ಮಾ, ತುಪ್ಪ ಪೇಡೆ ಎರಡೂ ಬ್ಯಾಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿನೊಳಗ ತರಂಗಿಲ್ಲ, ಸಿಕ್ರ ಕಸದಬುಟ್ಟಿಗೆ ಹಾಕ್ತಾರ. ಹಸಿ ಕರಿಬೇವು, ಹಸಿಮೆಣಸಿನಕಾಯಿನೂ ಬ್ಯಾಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಒಯ್ಯಿರಿ. ಎಣ್ಣಿ ರೊಟ್ಟಿಗೆ ಹಚ್ಚಬ್ಯಾಡ್ರಿ, ವಾರದಾಗ ಕಮಟು ವಾಸನಿ ಬರ್ತೈತಿ. ಬಡಿದು ಬೇಯಿಸಿದ ಮ್ಯಾಲ ಪೂರ್ತಿ ಆರಿಸಿ, ಅಗಲ ಸ್ಟೀಲ್ ಡಬ್ಬಿಯೊಳಗ ಇಟ್ಟು ಮ್ಯಾಲ ಪೇಪರ್ ತುರುಕಿದ್ರ ಪುಡಿ ಆಗಂಗಿಲ್ಲ. ಮೊಸರು ಅಲ್ಲೇ ಸೂಪರ್ ಮಾರ್ಕೆಟ್‌ನ್ಯಾಗ ಸಿಗ್ತೈತಿ, ಸಿಹಿ ಇಲ್ಲದ ಬಿಳಿ ಮೊಸರು ನೋಡಿ ತಗೊಳ್ರಿ.

ಹೋಟೆಲಿನೊಳಗ ಅಮ್ಮಾರಿಗೆ ಪಿಜ್ಜಾ ಮರಿನಾರಾ ಹೇಳ್ರಿ. ಹೆಸರು ಕೇಳಿ ಮೀನು ಅನ್ಕೋಬ್ಯಾಡ್ರಿ, ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣಿ ಅಷ್ಟ, ಚೀಸೂ ಇಲ್ಲ. ಒಣ ಪಾಸ್ತಾದಾಗ ಹೆಚ್ಚಾಗಿ ಮೊಟ್ಟಿ ಇರಂಗಿಲ್ಲ, ಹಸಿ ಪಾಸ್ತಾದಾಗ ಹೆಚ್ಚಾಗಿ ಇರ್ತೈತಿ, ಹಂಗಾಗಿ ಸ್ಪಗೆಟ್ಟಿ ಅಲ್ ಪೊಮೊದೊರೊ ಸುರಕ್ಷಿತ. ಪಾರ್ಮಿಜಾನೊ ಚೀಸ್ ಮಾಡಾಕ ಕರುವಿನ ಹೊಟ್ಟಿಯ ರೆನೆಟ್ (ಹಾಲು ಗಟ್ಟಿ ಮಾಡೂ ಪದಾರ್ಥ) ಹಾಕ್ತಾರ, ಕೇಳದ ಮ್ಯಾಲ ಉದುರಿಸಿಬಿಡ್ತಾರ. ಬ್ಯಾಡಂದ್ರ ‘ಸೆಂತ್ಸ ಫೊರ್ಮಾಜ್ಜೊ’ ಅನ್ರಿ. ಮಾಂಸ, ಮೀನು, ಮೊಟ್ಟಿಗೆ ‘ಸೆಂತ್ಸ ಕಾರ್ನೆ, ಸೆಂತ್ಸ ಪೇಶೆ, ಸೆಂತ್ಸ ವೋವಾ’. ಬರೇ ವೆಜ್ ಅಂದ್ರ ಸಣ್ಣ ಮೀನಿನ ಆಂಚೊವಿ ಲೆಕ್ಕಕ್ಕ ಬರಂಗಿಲ್ಲ ಅನ್ಕೊಳ್ಳೋರು ಅದಾರ. ಚೆಟಾರಾ ಊರಿನ ಕಡೆ ಆಂಚೊವಿ ರಸಾನ ಪಾಸ್ತಾಕ್ಕ ಹಾಕ್ತಾರ, ಅದು ಕಣ್ಣಿಗೆ ಕಾಣಂಗಿಲ್ಲ. ಬೇಕರಿಯೊಳಗ ಸ್ಫೊಲ್ಯಾತೆಲ್ಲಾ (ಪದರದ ಸಿಹಿ ತಿಂಡಿ), ಖಾರದ ತರಾಲ್ಲಿ (ಬಳೆಯಂಥ ಗರಿಗರಿ ತಿಂಡಿ) ಎರಡಕ್ಕೂ ಹೆಚ್ಚಾಗಿ ಹಂದಿ ಕೊಬ್ಬು ಬೀಳ್ತೈತಿ. ಹುಡುಗಗ ನಿಂಬಿ ಗ್ರಾನಿಟಾ ಕೊಡಿಸ್ರಿ: ನೀರು, ಸಕ್ಕರಿ, ನಿಂಬಿ.

ಹೋಟೆಲ್ ಅಡಗಿಮನಿ ಮಧ್ಯಾಹ್ನ 3ಕ್ಕ ಬಂದ್, ಸಂಜಿ 7ರ ಮ್ಯಾಲ ತೆಗೀತಾರ. ಬಿಲ್ಲಿನ್ಯಾಗ ತಲಿಗೆ ಎರಡು ಮೂರು ಯೂರೋ ‘ಕೊಪೆರ್ತೊ’ ಅಂತ ಇರ್ತೈತಿ, ಮೋಸ ಅಲ್ಲ ಅದು, ಕುಂತದ್ದರ ಚಾರ್ಜು. ಕಾರ್ಡ್ ಮಷೀನು ರೂಪಾಯಿ ಬೇಕೋ ಯೂರೋ ಬೇಕೋ ಕೇಳ್ತೈತಿ, ಯೂರೋನ ಒತ್ತಿರಿ. ನಮ್ಮ ಎರಡು ಗುಂಡು ಪಿನ್ನಿನ ಚಾರ್ಜರ್ ಅಲ್ಲಿ ಕುಂದರತೈತಿ, ಮೂರು ಪಿನ್ನಿಂದು ಕುಂದ್ರಂಗಿಲ್ಲ.

ರಾಯಚೂರು_ಜಂಕ್ಷನ್

ಒಂದು ಬಿಟ್ಟಿದ್ದೆ. ಇಟಲಿಯಲ್ಲಿ ರೈಲು, ಬಸ್ಸಿನವರ ಮುಷ್ಕರ ಆಗಾಗ ಇರುತ್ತದೆ, ದಿನಾಂಕವನ್ನು ಮುಂಚೆಯೇ ಪ್ರಕಟಿಸುತ್ತಾರೆ. ಹೊರಡುವ ವಾರ ‘ಶೋಪೆರೊ’ ಅಂತ ಹುಡುಕಿ ನೋಡಿ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲು ಓಡಿಸಲೇಬೇಕು ಅನ್ನುವ ಕಟ್ಟಳೆ ಇದೆ, ಆ ಹೊತ್ತಿನಲ್ಲೇ ಪ್ರಯಾಣ ಇಟ್ಟುಕೊಳ್ಳಿ. ಮುಷ್ಕರದ ದಿನವೇ ವಾಪಸ್ ವಿಮಾನ ಬಿದ್ದರೆ ಹಿಂದಿನ ರಾತ್ರಿಯೇ ರೋಮ್ ಸೇರಿಕೊಳ್ಳಿ.