ಮೊಮ್ಮಗ ಆಡುವ ಈ ಫುಟ್‌ಬಾಲ್ ಯಾವುದು?

ಬದಿಯಡ್ಕದ ಅಜ್ಜ:
ಮೆಲ್ಬರ್ನ್‌ನಲ್ಲಿರುವ ಮಗಳ ಮಗ, ಒಂಬತ್ತು ವರ್ಷದವನು, ಅಲ್ಲಿನ ಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ಸೇರಿದ್ದಾನೆ. ವಿಡಿಯೊ ಬಂತು. ತೋಳಿಲ್ಲದ ಬನಿಯನು, ಸುಲಿದ ತೆಂಗಿನಕಾಯಿಯಂಥ ಕೆಂಪು ಚೆಂಡು. ಒದೆಯುತ್ತಾರೆ, ಕೈಯಲ್ಲಿ ಹಿಡಿದು ಓಡುತ್ತಾರೆ, ಮುಷ್ಟಿಯಿಂದ ಗುದ್ದುತ್ತಾರೆ. ಗೋಲಿಗೆ ಬಲೆಯೇ ಇಲ್ಲ, ನಾಲ್ಕು ಕಂಬ! ಕೊಯ್ಲಾದ ಗದ್ದೆಯಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಡಿದ ನನಗೆ ಇದನ್ನು ಫುಟ್‌ಬಾಲ್ ಎನ್ನಲು ನಾಲಿಗೆ ಹೊರಳುತ್ತಿಲ್ಲ.

ಕುಂಬಳೆಯವನು:
ಅಜ್ಜಾ, ಅದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಹುಟ್ಟಿಸಿದವರು ಕ್ರಿಕೆಟಿಗರು. ಚಳಿಗಾಲದಲ್ಲಿ ಮೈ ಜಡವಾಗದಿರಲು ಫುಟ್‌ಬಾಲ್ ಕ್ಲಬ್ ಬೇಕೆಂದು ಅವರಲ್ಲೊಬ್ಬನಾದ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಬರೆದ. 1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಕ್ಲಬ್ಬಿನವರು ನಿಯಮ ಬರೆದಿಟ್ಟರು. ಈಗಲೂ ಕ್ರಿಕೆಟ್ ಮೈದಾನದಲ್ಲೇ ಆಡುತ್ತಾರೆ. ದೊಡ್ಡವರಲ್ಲಿ ತಂಡಕ್ಕೆ 18 ಜನ. ನಡುವಿನ ಎರಡು ಕಂಬಗಳ ನಡುವೆ ಒದ್ದರೆ 6 ಅಂಕ, ಪಕ್ಕದ ಸಂದಿಗೆ ಹೋದರೆ 1. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಈ ಔದಾರ್ಯ ನನಗೆ ಬಹಳ ಇಷ್ಟ.

ಪೆರ್ಲದ ಅಕ್ಕ:
ನನ್ನ ತಮ್ಮನ ಮಗನೂ ಅಲ್ಲಿ ಆಡುತ್ತಾನೆ. ಚಿಕ್ಕವರಿಗೆ ಚೆಂಡೂ ಚಿಕ್ಕದು, ಮೈದಾನವೂ ಚಿಕ್ಕದು. ವಿರಾಮದಲ್ಲಿ ಕಿತ್ತಳೆ ಹೆಚ್ಚಿ ಕೊಡುವ ಸರದಿ ತಂದೆತಾಯಿಯರದು. ನಿಮ್ಮ ಮಗಳಿಗೂ ಬಂದೀತು.

ಬದಿಯಡ್ಕದ ಅಜ್ಜ:
ಸಂತೋಷ. ಆದರೆ ಓಡುತ್ತಲೇ ಚೆಂಡನ್ನು ನೆಲಕ್ಕೆ ಬಡಿಯುತ್ತಾನಲ್ಲ, ಆ ಆಕಾರದ್ದು ಮರಳಿ ಕೈಗೇ ಹೇಗೆ ಬರುತ್ತದೆ?

ಕುಂಬಳೆಯವನು:
ಹಿಡಿದು ಓಡುವವನು 15 ಮೀಟರಿಗೊಮ್ಮೆ ಬಡಿಯಲೇಬೇಕು, ಇಲ್ಲವೇ ನೆಲಕ್ಕೆ ಮುಟ್ಟಿಸಬೇಕು. ಮೂತಿಯನ್ನು ಓರೆಯಾಗಿಸಿ ಸ್ವಲ್ಪ ಮುಂದಕ್ಕೆ ಬಡಿದರೆ ಕೈಗೇ ಬರುತ್ತದೆ. ತೆಂಗಿನಕಾಯಿಯಲ್ಲಿ ಮಾತ್ರ ಪ್ರಯತ್ನಿಸಬೇಡಿ.