ಸಹಾಯ ಬೇಕು: ಹೇಮಾವತಿ ಮುಳುಗಡೆ ಕಂಡ ಹಿರಿಯರು ಯಾರ ಮನೇಲಾದ್ರೂ ಇದ್ದಾರಾ?

ನಮಸ್ಕಾರ, ಹಾಸನದಿಂದ. ಭಾನುವಾರ ನಮ್ಮೂರ ಯುವಕ ಸಂಘದಲ್ಲಿ ಜಾರ್ಖಂಡದ ನೇತರ್‌ಹಾಟ್ ಬಗ್ಗೆ ಮಾತಾಡ್ಬೇಕು. ಸೇನೆಯ ಫಿರಂಗಿ ತಾಲೀಮಿನ ವ್ಯಾಪ್ತಿಗೆ 245 ಹಳ್ಳಿ ಸೇರಿಸಿದಾಗ, 1994ರ ಮಾರ್ಚ್‌ನಲ್ಲಿ ಆದಿವಾಸಿಗಳು ಟುಟುವಾಪಾನಿಯಲ್ಲಿ ಅಡ್ಡ ಕೂತು ಸೇನೆಯ ಗಾಡಿಗಳನ್ನ ವಾಪಸ್ ಕಳಿಸಿದ್ರು. ಆ ತಾಲೀಮಿನ ವ್ಯಾಪ್ತಿಯ ಅವಧಿ ವಿಸ್ತರಿಸಲ್ಲ ಅಂತ ರಾಜ್ಯ ಸರ್ಕಾರ ಹೇಳಿದ್ದು 2022ರಲ್ಲಿ!

ಇದನ್ನ ಕೇಳಿ ನಮ್ಮಜ್ಜಿ, "ಅಲ್ಲಾ ಮಗಾ, ನಾವ್ಯಾಕೆ ಹಂಗೆ ಕೂರ್ಲಿಲ್ಲ?" ಅಂದ್ರು. ಅವರು ಹೇಮಾವತಿಗೆ ಕಟ್ಟಿದ ಗೊರೂರು ಡ್ಯಾಮಿಗಾಗಿ ಊರು ಬಿಟ್ಟೋರು. (ಆಗ ಕಿತ್ತು ತಂದ ಹೊಸಿಲು ಈಗಲೂ ಹಿತ್ತಲಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಬಿದ್ದಿದೆ.)

ಶೆಟ್ಟಿಹಳ್ಳಿ ಕಡೆಯ ಹಿರಿಯರಿದ್ರೆ, ನೋಟಿಸು ಬಂದ ದಿನ ಏನಾಯ್ತು ಅಂತ ಕೇಳಿ ವಾಯ್ಸ್ ಮೆಸೇಜ್ ಹಾಕ್ತೀರಾ? ಹಳೇ ಪರಿಹಾರದ ಚೀಟಿಯ ಫೋಟೊ ಇದ್ರೂ ಸರಿ. ಶನಿವಾರ ಸಂಜೆಯೊಳಗೆ, ದಯವಿಟ್ಟು.