ಟ್ರಿಮ್ ಮಾಡಿದ ಸಿಲಿಕಾನ್ ರಿಂಗ್: ರೆಸೊನೆನ್ಸ್ ಒಂದು ಕಡೆ ನಿಲ್ಲುತ್ತಿಲ್ಲ

ಪ್ರಶ್ನೆ:
220 ನ್ಯಾನೊಮೀಟರ್ ದಪ್ಪದ ಸಿಲಿಕಾನ್, 500 ನ್ಯಾ.ಮೀ. ಅಗಲದ ವೇವ್‌ಗೈಡ್ (ಬೆಳಕು ಹರಿಯುವ ದಾರಿ), ಅದನ್ನೇ ಸುತ್ತು ಹಾಕಿದ 10 ಮೈಕ್ರಾನ್ ತ್ರಿಜ್ಯದ ರಿಂಗ್, ಮೇಲೆ ಹೀಟರ್. ರೆಸೊನೆನ್ಸ್, ಅಂದರೆ ರಿಂಗ್ ಬೆಳಕನ್ನು ಹಿಡಿದುಕೊಳ್ಳುವ ತರಂಗಾಂತರ, 1550.0 ನ್ಯಾ.ಮೀ.ನಲ್ಲಿರಬೇಕೆಂಬುದು ಗುರಿ. ಫ್ಯಾಬ್‌ನಿಂದ (ಚಿಪ್ ತಯಾರಿಸುವ ಕಾರ್ಖಾನೆ) ಬಂದಾಗ ರೆಸೊನೆನ್ಸ್ 1552.1ರಲ್ಲಿತ್ತು. ರಿಂಗ್‌ನಲ್ಲಿ ಜರ್ಮೇನಿಯಂ ಅಯಾನು ಹೊಗಿಸಿದ್ದ ಭಾಗವನ್ನು ಲೇಸರ್‌ನಿಂದ ಅನೀಲ್ ಮಾಡಿ (ಕಾಯಿಸಿ) ಸರಿಯಾಗಿ 1550.0ಕ್ಕೆ ತಂದೆ. ಮರುದಿನ 1550.2 ತೋರಿಸುತ್ತಿದೆ. ಈ ಟ್ರಿಮ್ (ಲೇಸರ್‌ನಿಂದ ಮಾಡಿದ ತಿದ್ದುಪಡಿ) ಅಳಿಸಿಹೋಗುತ್ತಿದೆಯೇ? ಮತ್ತೊಂದು ಸಲ ಲೇಸರ್ ಕೊಡಲೇ?

ಉತ್ತರ 1:
ಈಗಲೇ ಬೇಡ. ಅಯಾನು ಹೊಕ್ಕಾಗ ಕೆಟ್ಟ ಹರಳು ಅನೀಲ್ ಮಾಡಿದಷ್ಟೂ ಸರಿಹೋಗುತ್ತದೆ, ವಕ್ರೀಭವನಾಂಕ ಇಳಿಯುತ್ತದೆ, ರೆಸೊನೆನ್ಸ್ ನೀಲಿ (ಕಡಿಮೆ ತರಂಗಾಂತರದ) ಕಡೆಗೆ ಜರುಗುತ್ತದೆ. ತಾನಾಗಿ ಮತ್ತೆ ಕೆಡುವುದಿಲ್ಲ. ನಿಮ್ಮದು ಕೆಂಪು (ಹೆಚ್ಚು ತರಂಗಾಂತರದ) ಕಡೆಗೆ ಹೋಗಿರುವುದರಿಂದ ಮೊದಲ ಅನುಮಾನ ತಾಪಮಾನದ ಮೇಲೆ. ಇಂಥ ರಿಂಗ್ ಡಿಗ್ರಿಗೆ ಸುಮಾರು 0.075 ನ್ಯಾ.ಮೀ. ಸರಿಯುತ್ತದೆ, 0.2 ಅಂದರೆ ಮೂರು ಡಿಗ್ರಿಯೂ ಇಲ್ಲ. ಪಕ್ಕದಲ್ಲಿ ಟ್ರಿಮ್ ಮಾಡದ ರಿಂಗ್ ಇದ್ದರೆ ಅದೇ ಸ್ವೀಪ್‌ನಲ್ಲಿ (ಲೇಸರ್‌ನ ತರಂಗಾಂತರ ಬದಲಿಸುತ್ತಾ ಹೋಗುವ ಅಳತೆ) ಎರಡನ್ನೂ ಅಳೆಯಿರಿ. ಎರಡೂ ಜೊತೆಯಲ್ಲಿ ಸರಿದಿದ್ದರೆ ಟ್ರಿಮ್‌ನ ತಪ್ಪಲ್ಲ. ಥರ್ಮಿಸ್ಟರ್ (ತಾಪಮಾನ ಅಳೆಯುವ ಸೆನ್ಸರ್) ಎಲ್ಲಿದೆ, ಚಿಪ್ ಕೆಳಗೆ ಏನಿದೆ?

ಉತ್ತರ 2:
ಅಳೆಯುವ ಲೇಸರ್‌ನ ಪವರ್ ಕೂಡ ನೋಡಿ. ಹೆಚ್ಚಿದ್ದರೆ ರಿಂಗ್ ತನ್ನ ಬೆಳಕಿಗೇ ಬಿಸಿಯಾಗುತ್ತದೆ. ಆಗ ರೆಸೊನೆನ್ಸ್‌ನಲ್ಲಿ ಬೆಳಕು ತಗ್ಗುವ ಕುಳಿ ಸಮವಾಗಿರದೆ, ಉದ್ದ ತರಂಗಾಂತರದ ಕಡೆ ಕಡಿದಂತೆ ನಿಂತುಬಿಡುತ್ತದೆ. ವೇವ್‌ಗೈಡ್ ಒಳಗೆ –10 ಡಿಬಿಎಂಗಿಂತ (0.1 ಮಿಲಿವ್ಯಾಟ್) ಕೆಳಗಿಳಿಸಿ, ಎರಡೂ ದಿಕ್ಕಿನಲ್ಲಿ ಸ್ವೀಪ್ ಮಾಡಿ. ಕುಳಿ ಒಂದೇ ಕಡೆ ಬಂದರೆ ಈ ಅನುಮಾನ ಬಿಡಿ.

ಪ್ರಶ್ನೆ ಕೇಳಿದವರು:
ಎರಡೂ ದಿಕ್ಕಿನಲ್ಲಿ ಒಂದೇ. ಪಕ್ಕದ ರಿಂಗ್ 0.18 ಸರಿದಿದೆ! ಥರ್ಮಿಸ್ಟರ್ ತಾಮ್ರದ ಬ್ಲಾಕ್‌ನಲ್ಲಿದೆ, ಚಿಪ್ ಡಬಲ್ ಸೈಡ್ ಟೇಪ್ ಮೇಲೆ ಕೂತಿದೆ.

ಉತ್ತರ 1:
ಸಿಕ್ಕಿತಲ್ಲ. ತಾಪಮಾನದ ಕಂಟ್ರೋಲರ್ 25.00 ಡಿಗ್ರಿ ಅನ್ನುತ್ತಿದ್ದರೂ ಅದು ಬ್ಲಾಕ್‌ನ ಲೆಕ್ಕ. ಟೇಪ್ ಮೇಲಿನ ಚಿಪ್ ಕೋಣೆಯ ಗಾಳಿಯನ್ನು ಕೇಳುತ್ತಿದೆ. ಟೇಪ್ ಕಿತ್ತು ತೆಳ್ಳಗೆ ಥರ್ಮಲ್ ಪೇಸ್ಟ್ ಹಚ್ಚಿ, ಥರ್ಮಿಸ್ಟರನ್ನು ಚಿಪ್‌ನ ಬುಡಕ್ಕೆ ತನ್ನಿ, ಮೇಲೊಂದು ಮುಚ್ಚಳವಿಡಿ.

ಆಮೇಲೆ ಬೇಕಾದರೆ ಲೇಸರ್ ಕೊಡಿ. ಆದರೆ 1550.0ಕ್ಕೆ ನಿಲ್ಲಿಸಬೇಡಿ, 1549.7ರವರೆಗೆ ಇಳಿಸಿ. ಹೀಟರ್‌ಗೆ ಕೆಂಪು ಕಡೆಗೆ ತಳ್ಳುವುದೊಂದೇ ಗೊತ್ತು. 0.3 ತಳ್ಳಲು ನಾಲ್ಕು ಡಿಗ್ರಿ ಸಾಕು, ಕೋಣೆ ಬಿಸಿಯಾದರೆ ಹೀಟರನ್ನು ತಗ್ಗಿಸಲೂ ಜಾಗ ಉಳಿಯುತ್ತದೆ. ಗುರಿಗಿಂತ 0.2 ಕೆಂಪಲ್ಲೇ ಬಿಟ್ಟಿರೋ, ನೀಲಿ ಕಡೆಯಲ್ಲಿರುವ ರಿಂಗ್‌ನ ಪಕ್ಕದ ರೆಸೊನೆನ್ಸನ್ನು ಸುಮಾರು 9 ನ್ಯಾ.ಮೀ. ದೂರದಿಂದ ಎಳೆದು ತರಬೇಕು: ಹತ್ತಿರ ಹತ್ತಿರ 120 ಡಿಗ್ರಿ. ಕಡಿಮೆ ಪವರ್‌ನಲ್ಲಿ ಚಿಕ್ಕ ಚಿಕ್ಕ ಸಲ ಕೊಡಿ, ಪ್ರತಿ ಸಲವೂ ಪಕ್ಕದ ರಿಂಗ್ ಮೊದಲಿನ ಜಾಗಕ್ಕೆ ಮರಳುವವರೆಗೆ ಕಾದು ಅಳೆಯಿರಿ.